ಬೀಳ್ಕೊಡುಗೆಯ ಊಟ



ಮಾರ್ಟಿನ್ ಸ್ಕಾರ್ಸೆಸಿ 1993ರಲ್ಲಿ ‘ದಿ ಏಜ್ ಆಫ್ ಇನ್ನೊಸೆನ್ಸ್’ ಚಿತ್ರವನ್ನು ತೆರೆಗೆ ತಂದಾಗ ಅವರ ಅಭಿಮಾನಿಗಳೇ ಹುಬ್ಬೇರಿಸಿದ್ದರು. ‘ಟ್ಯಾಕ್ಸಿ ಡ್ರೈವರ್’, ‘ರೇಜಿಂಗ್ ಬುಲ್’, ‘ಗುಡ್‌ಫೆಲಾಸ್’ ತೆಗೆದ ನಿರ್ದೇಶಕ 1870ರ ದಶಕದ ನ್ಯೂಯಾರ್ಕಿನ ಸಿರಿವಂತರ ದಿವಾನಖಾನೆಗಳಿಗೆ ಹೋಗಿ, ಕೈಗವಸು, ಹೂಗುಚ್ಛ, ಔತಣದ ಆಮಂತ್ರಣಗಳ ಕಥೆ ಹೇಳುವುದೆಂದರೆ ಅವರಿಗೆ ಅರ್ಥವಾಗಲಿಲ್ಲ. ತಾನು ತೆಗೆದ ಚಿತ್ರಗಳಲ್ಲಿ ಅತ್ಯಂತ ಹಿಂಸೆಯಿರುವುದು ಇದರಲ್ಲೇ ಎಂಬ ಅರ್ಥದ ಮಾತನ್ನು ಸ್ಕಾರ್ಸೆಸಿ ಆಡಿದ್ದಾರೆ. ಚಿತ್ರದುದ್ದಕ್ಕೂ ಒಂದು ತೊಟ್ಟು ರಕ್ತವಿಲ್ಲ. ಯಾರೂ ಯಾರ ಮೇಲೂ ಕೈಯೆತ್ತುವುದಿಲ್ಲ, ದನಿಯೇರಿಸಿ ಮಾತಾಡುವುದೂ ಅಪರೂಪ. ಆದರೂ ಆ ಮಾತು ದಿಟ. ಅದು ಎಷ್ಟು ದಿಟ ಎನ್ನುವುದು ಕೊನೆಗೆ ಬರುವ ಒಂದು ಊಟದಲ್ಲಿ ಗೊತ್ತಾಗುತ್ತದೆ. ನನ್ನ ಇವತ್ತಿನ ಮಾತೆಲ್ಲ ಆ ಊಟದ ಕಡೆಗೇ ನಡೆಯುತ್ತದೆ.

ಮೂಲ ಕಥೆ ಎಡಿತ್ ವಾರ್ಟನ್ ಅವರದು. 1862ರಲ್ಲಿ ನ್ಯೂಯಾರ್ಕಿನ ಅಂಥದೇ ಒಂದು ಹಳೆಯ ಮನೆತನದಲ್ಲಿ ಹುಟ್ಟಿದವರು. ಸುಖವಿಲ್ಲದ ಮದುವೆಯಿಂದ 1913ರಲ್ಲಿ ವಿಚ್ಛೇದನ ಪಡೆದು ಹೊರಬಂದು, ಫ್ರಾನ್ಸಿನಲ್ಲೇ ಉಳಿದು, ಮೊದಲ ಮಹಾಯುದ್ಧವನ್ನು ಕಣ್ಣಾರೆ ಕಂಡ ಮೇಲೆ ತಾವು ಬಾಲ್ಯದಲ್ಲಿ ಕಂಡ ಊರನ್ನು ನೆನೆದು ಈ ಕಾದಂಬರಿ ಬರೆದರು. ಅದು ಪ್ರಕಟವಾದದ್ದು 1920ರಲ್ಲಿ. ಮರುವರ್ಷ ಪುಲಿಟ್ಜರ್ ಬಂತು. ಕಾದಂಬರಿಗೆ ಆ ಬಹುಮಾನ ಪಡೆದ ಮೊದಲ ಹೆಂಗಸು ಅವರು. ಬಿಟ್ಟುಬಂದ ಮನೆಯ ಬಗ್ಗೆ ಬರೆಯುವಾಗ ಕೋಪವೂ ಅಕ್ಕರೆಯೂ ಒಟ್ಟೊಟ್ಟಿಗೆ ಬರುತ್ತವಲ್ಲ, ಅದು ಈ ಕಥೆಯ ಜೀವಾಳ. ಸ್ಕಾರ್ಸೆಸಿ ಅದನ್ನು ಹಿಡಿದಿದ್ದಾರೆ. ಅವರು ಬೆಳೆದದ್ದು ಲಿಟಲ್ ಇಟಲಿಯ ಕೂಲಿಕಾರರ ಬೀದಿಯಲ್ಲಿ. ಆದರೆ ಬಂಧುಬಳಗದ ಕಟ್ಟುಪಾಡು ಅಂದರೇನು, ಕುಲದ ಮಾತು ಮೀರಿದವನಿಗೆ ಏನಾಗುತ್ತದೆ ಎನ್ನುವುದು ಅಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ‘ಗುಡ್‌ಫೆಲಾಸ್’ನಲ್ಲೂ ಒಂದು ಊಟದ ಮೇಜಿದೆ, ನೋಡಿದವರಿಗೆ ನೆನಪಿರಬಹುದು. ತಾಯಿ ಅಕ್ಕರೆಯಿಂದ ಬಡಿಸುತ್ತಾಳೆ, ಹೊರಗೆ ಕಾರಿನ ಡಿಕ್ಕಿಯಲ್ಲಿ ಒಬ್ಬ ಮನುಷ್ಯ ಬಿದ್ದಿದ್ದಾನೆ.

ಇನ್ನು ಕಥೆ. ನ್ಯೂಲ್ಯಾಂಡ್ ಆರ್ಚರ್ ವಕೀಲ, ಒಳ್ಳೆಯ ಮನೆತನದ ಯುವಕ. ಮೇ ವೆಲ್ಯಾಂಡ್ ಎಂಬ ಹುಡುಗಿಯೊಂದಿಗೆ ಅವನ ಮದುವೆ ನಿಶ್ಚಯವಾಗಿದೆ. ಅದೇ ಹೊತ್ತಿಗೆ ಮೇಯ ಸೋದರಸಂಬಂಧಿ ಎಲೆನ್ ಯುರೋಪಿನಿಂದ ಮರಳುತ್ತಾಳೆ. ಪೋಲೆಂಡಿನ ಕೌಂಟ್ ಒಲೆನ್ಸ್ಕಿಯನ್ನು ಮದುವೆಯಾಗಿದ್ದವಳು, ಆ ನರಕದಿಂದ ತಪ್ಪಿಸಿಕೊಂಡು ಬಂದಿದ್ದಾಳೆ. ಇಬ್ಬರೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಆರ್ಚರನಾಗಿ ಡೇನಿಯಲ್ ಡೇ-ಲೂಯಿಸ್, ಎಲೆನ್ ಆಗಿ ಮಿಶೆಲ್ ಫೈಫರ್, ಮೇ ಆಗಿ ವಿನೋನಾ ರೈಡರ್. ಆರ್ಚರನ ಮನಸ್ಸು ಎಲೆನ್ ಕಡೆ ಹೊರಳುತ್ತದೆ, ಅವಳ ಮನಸ್ಸೂ ಇವನ ಕಡೆಗೆ. ಮದುವೆಯ ನಂತರವೂ ಅದು ಆರುವುದಿಲ್ಲ.

ಆ ಸಮಾಜದ ನಡಾವಳಿಯನ್ನು ಚಿತ್ರ ತೋರಿಸುವ ಬಗೆಯಲ್ಲೇ ಅದರ ಅರ್ಧ ಸೊಗಸಿದೆ. ಗೂನೋನ ‘ಫೌಸ್ಟ್’ ಅಪೆರಾ ನಡೆಯುತ್ತಿರುವಾಗ ಚಿತ್ರ ಶುರುವಾಗುತ್ತದೆ, ಆದರೆ ಜನ ದುರ್ಬೀನು ಹಿಡಿದಿರುವುದು ವೇದಿಕೆಯ ಕಡೆಗಲ್ಲ, ಎದುರು ಬಾಕ್ಸಿನಲ್ಲಿ ಕುಳಿತ ಎಲೆನ್ ಕಡೆಗೆ. ಬ್ಯೂಫೋರ್ಟ್ ಎಂಬ ಸಾಹುಕಾರನ ಮನೆಯಲ್ಲಿ ವರ್ಷಕ್ಕೊಮ್ಮೆ ಮಾತ್ರ ಬಳಸುವ ನೃತ್ಯಶಾಲೆಯಿದೆ. ಉಳಿದ 364 ದಿನ ಅದಕ್ಕೆ ಬೀಗ. ಎಲೆನ್‌ಳನ್ನು ಪರಿಚಯಿಸಲು ಅಜ್ಜಿ ಮಿಂಗಾಟ್ ಔತಣಕ್ಕೆ ಕರೆದರೆ ಬಹುಪಾಲು ಎಲ್ಲರೂ ಬರಲಾಗುವುದಿಲ್ಲವೆಂದು ನಯವಾಗಿ ಹೇಳಿಕಳಿಸುತ್ತಾರೆ. ಆಗ ಆರ್ಚರನ ಮನೆಯವರು ಊರಿನ ಅತಿ ಎತ್ತರದ ಮನೆತನವಾದ ವ್ಯಾನ್ ಡರ್ ಲೈಡೆನ್‌ರ ಮೊರೆ ಹೋಗುತ್ತಾರೆ. ಅವರು ಕರೆದರೆಂದರೆ ಮುಗಿಯಿತು, ಒಲ್ಲೆ ಎನ್ನುವ ಧೈರ್ಯ ಯಾರಿಗೂ ಇಲ್ಲ. ಯಾವ ಮನೆಯಲ್ಲಿ ಯಾವ ತಟ್ಟೆ, ಎಷ್ಟು ಬಗೆ ಭಕ್ಷ್ಯ, ಯಾರ ಪಕ್ಕ ಯಾರು ಎಂಬುದೆಲ್ಲ ಇಲ್ಲಿ ಭಾಷೆ. ಹಾಗಾಗಿ ಡಾಂಟೆ ಫೆರೆಟ್ಟಿಯ ಕಲಾನಿರ್ದೇಶನವಾಗಲಿ, ಆಸ್ಕರ್ ಪಡೆದ ಗೇಬ್ರಿಯೆಲಾ ಪೆಸ್ಕುಚ್ಚಿಯ ಉಡುಪುಗಳಾಗಲಿ ಬರಿಯ ಶೃಂಗಾರಕ್ಕಾಗಿ ಬಂದವಲ್ಲ. ಜೋನ್ ವುಡ್‌ವರ್ಡ್ ಅವರ ಹಿನ್ನೆಲೆ ನಿರೂಪಣೆಯನ್ನೂ ಗಮನಿಸಬೇಕು. ಬೆಳ್ಳಿ ಪಾತ್ರೆಗಳ ವಿವರವನ್ನೂ ಹೃದಯ ಒಡೆಯುವ ಸಂಗತಿಯನ್ನೂ ಆ ದನಿ ಒಂದೇ ಸಮಾಧಾನದಲ್ಲಿ ಹೇಳುತ್ತದೆ. ಕುಟುಂಬದ ಹಿರಿಯಳೊಬ್ಬಳು ಎಲ್ಲ ಬಲ್ಲೆನೆಂಬಂತೆ ಮಾತಾಡಿದ ಹಾಗಿದೆ ಅದು.

ಈ ಜನಕ್ಕೆ ದಾಂಪತ್ಯದ್ರೋಹ ಹೊಸದೇನೂ ಅಲ್ಲ. ಲ್ಯಾರಿ ಲೆಫರ್ಟ್ಸ್ ಶಿಷ್ಟಾಚಾರದ ವಿಷಯದಲ್ಲಿ ಊರಿಗೇ ಪ್ರಮಾಣ, ಅವನ ಗುಟ್ಟಿನ ಸಂಬಂಧಗಳಿಗೆ ಲೆಕ್ಕವಿಲ್ಲ. ಬ್ಯೂಫೋರ್ಟ್ ಪ್ರೇಯಸಿಯನ್ನು ಇಟ್ಟುಕೊಂಡಿರುವುದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಅವನ ಮನೆಗೆ ಕುಣಿಯಲು ಹೋಗುತ್ತಾರೆ. ಅವನ ವ್ಯವಹಾರ ದಿವಾಳಿಯಾದ ದಿನ ಮಾತ್ರ ಆ ಬಾಗಿಲು ಮುಚ್ಚುತ್ತದೆ. ಅಂದರೆ ಇಲ್ಲಿ ಶಿಕ್ಷೆಯಾಗುವುದು ತಪ್ಪಿಗಲ್ಲ, ಮುಚ್ಚುಮರೆಯನ್ನು ಒಡೆಯುವುದಕ್ಕೆ. ಎಲೆನ್ ಮಾಡಿದ ಅಪರಾಧವೂ ಅದೇ. ಅವಳು ಕಾನೂನಿನ ದಾರಿಯಲ್ಲಿ ವಿಚ್ಛೇದನ ಕೇಳಿದಳು.

ಅವಳನ್ನು ತಡೆಯುವ ಕೆಲಸವನ್ನು ಕುಟುಂಬ ಯಾರಿಗೆ ಒಪ್ಪಿಸುತ್ತದೆ? ವಕೀಲನಾದ ಆರ್ಚರನಿಗೇ. ಅವನು ಮನಸ್ಸಿಲ್ಲದ ಮನಸ್ಸಿನಿಂದ ಹೋಗುತ್ತಾನೆ, ಮಾತಾಡುತ್ತಾನೆ, ಅವಳು ಒಪ್ಪುತ್ತಾಳೆ. ಆಮೇಲೆ ಒಂದು ದಿನ ತನ್ನ ಪ್ರೀತಿಯನ್ನು ಹೇಳಿಕೊಂಡಾಗ ಎಲೆನ್ ಅವನ ಮುಖಕ್ಕೆ ಕನ್ನಡಿ ಹಿಡಿಯುತ್ತಾಳೆ. ಬಿಡುಗಡೆಯ ದಾರಿ ಮುಚ್ಚಿದವನು ನೀನೇ, ನಿನ್ನ ಮತ್ತು ಮೇಯ ಮಾನಕ್ಕಾಗಿ ನಾನು ಬಿಟ್ಟುಕೊಟ್ಟೆ ಎಂಬುದು ಅವಳ ಮಾತಿನ ಸಾರ. ನೋಡುತ್ತಿರುವ ನಮಗೆ ಎದೆ ಧಸಕ್ಕೆನ್ನುತ್ತದೆ. ಕುಟುಂಬ ಹೊರಗಿನ ಶತ್ರುವಲ್ಲ, ಅದು ಆರ್ಚರನ ನಾಲಗೆಯಲ್ಲೇ ಕೂತು ಮಾತಾಡಿದೆ.

ಇಬ್ಬರ ಪ್ರೇಮಕ್ಕೆ ಚಿತ್ರ ಕೊಡುವ ಅವಕಾಶ ತುಂಬ ಕಡಿಮೆ. ಚಳಿಯಲ್ಲಿ ಸಾಗುವ ಕುದುರೆಗಾಡಿಯೊಳಗೆ ಆರ್ಚರ್ ಅವಳ ಕೈಗವಸಿನ ಗುಂಡಿ ಬಿಚ್ಚಿ ಮಣಿಕಟ್ಟಿಗೆ ಮುತ್ತಿಡುತ್ತಾನೆ. ಇಡೀ ದೇಹ ಅಷ್ಟರಲ್ಲೇ ನಡುಗುತ್ತದೆ. ನ್ಯೂಪೋರ್ಟಿನ ಕಡಲತೀರದಲ್ಲಿ ಅವಳು ಬೆನ್ನು ತಿರುಗಿಸಿ ನಿಂತಿದ್ದಾಳೆ. ಆ ದೋಣಿ ದೀಪಸ್ತಂಭವನ್ನು ದಾಟುವುದರೊಳಗೆ ಅವಳು ತಿರುಗಿದರೆ ಹತ್ತಿರ ಹೋಗುತ್ತೇನೆ ಎಂದು ಅವನು ಮನಸ್ಸಿನಲ್ಲೇ ಪಣ ತೊಡುತ್ತಾನೆ. ಅವಳು ತಿರುಗುವುದಿಲ್ಲ. ಅವನು ಬಂದದ್ದು ಗೊತ್ತಿದ್ದೇ ತಿರುಗಲಿಲ್ಲವೆಂದು ಆಮೇಲೆ ತಿಳಿಯುತ್ತದೆ. ಕೊನೆಗೊಮ್ಮೆ ಮ್ಯೂಸಿಯಂನ ಪ್ರಾಚೀನ ವಸ್ತುಗಳ ನಡುವೆ ಅವಳು ಒಂದೇ ಒಂದು ಸಲ ಅವನ ಬಳಿ ಬರಲು ಒಪ್ಪುತ್ತಾಳೆ. ಆ ದಿನ ಬರುವುದೇ ಇಲ್ಲ. ಕಾನೂನಿನ ಅರ್ಥದಲ್ಲಿ ಈ ಚಿತ್ರದಲ್ಲಿ ದಾಂಪತ್ಯದ್ರೋಹ ನಡೆಯುವುದಿಲ್ಲ.

ಹಾಗಾದರೆ ದ್ರೋಹ ಎಲ್ಲಿದೆ? ಇಲ್ಲಿ ನಾನು ನನ್ನ ಮಾತನ್ನು ಬಿಚ್ಚಿ ಹೇಳಬೇಕು. ನನ್ನ ದೃಷ್ಟಿಯಲ್ಲಿ ಆರ್ಚರನ ದ್ರೋಹ ಎಲೆನ್‌ಳನ್ನು ಪ್ರೀತಿಸಿದ್ದರಲ್ಲಿಲ್ಲ. ಮೇಯನ್ನು ಒಂದು ದಿನವೂ ಪೂರ್ತಿ ನೋಡದೆ ಇದ್ದದ್ದರಲ್ಲಿದೆ. ಮದುವೆಗೆ ಮೊದಲೇ, ಫ್ಲಾರಿಡಾದ ಸೇಂಟ್ ಆಗಸ್ಟೀನಿನಲ್ಲಿ, ಅವನು ಬೇಗ ಮದುವೆಯಾಗೋಣವೆಂದು ಅವಸರಪಡಿಸಿದಾಗ ಅವಳು ನೇರವಾಗಿ ಕೇಳುತ್ತಾಳೆ: ಬೇರೆ ಯಾರಾದರೂ ಇದ್ದಾರೆಯೇ? ಇದ್ದರೆ ಹೇಳು, ನಾನು ಬಿಟ್ಟುಕೊಡುತ್ತೇನೆ, ಇನ್ನೊಬ್ಬಳಿಗೆ ಅನ್ಯಾಯ ಮಾಡಿ ಕಟ್ಟಿದ ಸುಖ ನನಗೆ ಬೇಡ. ಆ ವಯಸ್ಸಿನ, ಆ ಕಾಲದ ಹುಡುಗಿಯ ಬಾಯಲ್ಲಿ ಎಂಥ ಮಾತು! ಇಡೀ ಚಿತ್ರದಲ್ಲಿ ಇಷ್ಟು ದಿಟ್ಟವಾಗಿ, ಇಷ್ಟು ಉದಾರವಾಗಿ ಬೇರೆ ಯಾರೂ ಮಾತಾಡುವುದಿಲ್ಲ. ಆರ್ಚರ್ ಒಂದು ಕ್ಷಣ ಬೆರಗಾಗುತ್ತಾನೆ, ಆಮೇಲೆ ಮರೆತುಬಿಡುತ್ತಾನೆ. ಅವಳೆಂದರೆ ಬಿಳಿ ಉಡುಪು, ಬಿಳಿ ಹೂ, ಬಿಲ್ಲುಗಾರಿಕೆಯ ಬಹುಮಾನ, ಒಳಗೇನೂ ಇಲ್ಲದ ಚೆಲುವು ಎಂದು ಅವನು ತೀರ್ಮಾನಿಸಿಯಾಗಿದೆ. ಅವನ ಕಣ್ಣಿನಿಂದಲೇ ಕಥೆ ನೋಡುವ ನಾವೂ ಹಾಗೇ ನಂಬುತ್ತೇವೆ. ಇದು ವಾರ್ಟನ್ ಒಡ್ಡಿದ ಬಲೆ, ಸ್ಕಾರ್ಸೆಸಿ ಅದನ್ನು ಹಾಗೇ ಉಳಿಸಿಕೊಂಡಿದ್ದಾರೆ.

ಮದುವೆಯಾದ ಮೇಲೆ ಒಂದು ಸಂಜೆ ಗಂಡಹೆಂಡತಿ ಮನೆಯಲ್ಲಿ ಕುಳಿತಿದ್ದಾರೆ, ಅವಳು ಕಸೂತಿ ಹಾಕುತ್ತಿದ್ದಾಳೆ. ಉಸಿರುಕಟ್ಟಿದಂತಾಗಿ ಅವನು ಎದ್ದು ಕಿಟಕಿ ತೆರೆಯುತ್ತಾನೆ. ಶೀತವಾದೀತು, ಮುಚ್ಚು ಎನ್ನುತ್ತಾಳೆ. ಆಗ ಅವನ ಮನಸ್ಸಿನಲ್ಲಿ ಒಂದು ಯೋಚನೆ ಹಾಯುತ್ತದೆ: ಇವಳು ಸತ್ತುಹೋಗಬಹುದಲ್ಲ, ನಾನು ಬಿಡುಗಡೆಯಾಗಬಹುದಲ್ಲ. ಗಾಡಿಯಲ್ಲಿ ಕೊಟ್ಟ ಮುತ್ತಿಗಿಂತ ಈ ಕ್ಷಣ ನನ್ನನ್ನು ಹೆಚ್ಚು ಕಲಕುತ್ತದೆ. ಅವಳು ತಲೆಯೆತ್ತಿ ಅವನನ್ನೇ ನೋಡುತ್ತಾಳೆ.

ಈಗ ಆ ಊಟ. ಎಲೆನ್ ಇದ್ದಕ್ಕಿದ್ದಂತೆ ಯುರೋಪಿಗೆ ಹೊರಟಿದ್ದಾಳೆ. ಗಂಡನ ಬಳಿಗಲ್ಲ, ಅಜ್ಜಿ ಅವಳ ಜೀವನಕ್ಕೆ ಬೇಕಾದ ಹಣದ ಏರ್ಪಾಡು ಮಾಡಿದ್ದಾಳೆ. ಬೀಳ್ಕೊಡುಗೆಯ ಔತಣ ಏರ್ಪಡಿಸುವವಳು ಮೇ. ಹೊಸ ಸಂಸಾರದ ಮೊದಲ ದೊಡ್ಡ ಔತಣ ಅದು. ಹೂವು, ದೀಪ, ಮೆನು ಕಾರ್ಡು, ಯಾವುದರಲ್ಲೂ ಕೊರತೆಯಿಲ್ಲ. ನೆಂಟರಿಷ್ಟರೆಲ್ಲ ಬಂದಿದ್ದಾರೆ. ಒಮ್ಮೆ ಎಲೆನ್ ಜೊತೆ ಊಟಕ್ಕೆ ಒಲ್ಲೆ ಎಂದವರು ಈಗ ಅವಳನ್ನು ಬಾಯಿತುಂಬ ಮಾತಾಡಿಸುತ್ತಿದ್ದಾರೆ. ಮೇಜಿನ ಈ ತುದಿಯಿಂದ ಆ ತುದಿಗೆ ನೋಡುತ್ತಿದ್ದ ಆರ್ಚರನಿಗೆ ಹೊಳೆಯುತ್ತದೆ: ಇಲ್ಲಿರುವ ಪ್ರತಿಯೊಬ್ಬರೂ ತಾನೂ ಎಲೆನ್‌ಳೂ ಗುಟ್ಟಿನ ಪ್ರೇಮಿಗಳೆಂದೇ ನಂಬಿದ್ದಾರೆ, ತಿಂಗಳುಗಟ್ಟಲೆ ತನ್ನನ್ನು ಸದ್ದಿಲ್ಲದೆ ಗಮನಿಸಿದ್ದಾರೆ. ಈಗ ಎಲ್ಲರೂ ಸೇರಿ ಅವಳನ್ನು ಸಾಗಹಾಕಿದ್ದಾರೆ, ಏನೂ ಗೊತ್ತಿಲ್ಲದವರ ಹಾಗೆ ಮೇಯ ಸುತ್ತ ಕಾವಲು ನಿಂತಿದ್ದಾರೆ. ಆಪಾದನೆಯಿಲ್ಲ, ಸಾಕ್ಷಿಯಿಲ್ಲ, ತಪ್ಪು ಕೂಡ ನಡೆದಿಲ್ಲ. ಶಿಕ್ಷೆ ಮಾತ್ರ ಜಾರಿಯಾಗಿದೆ. ಅದೂ ಒಳ್ಳೆಯ ಊಟ ಬಡಿಸಿ. ‘ನಾಲ್ಕು ಜನ ಏನಂದಾರು’ ಎಂಬ ಮಾತಿನ ನೆರಳಲ್ಲಿ ಬೆಳೆದ ನಮಗೆ ಈ ಮೇಜು ದೂರದ್ದೆನಿಸುವುದಿಲ್ಲ.

ಅತಿಥಿಗಳು ಹೋದ ಮೇಲೆ ಗ್ರಂಥಾಲಯದಲ್ಲಿ ಇಬ್ಬರೇ. ಆರ್ಚರ್ ತಾನು ದಣಿದಿದ್ದೇನೆ, ಎಲ್ಲಿಗಾದರೂ ದೂರ ಹೋಗಬೇಕು ಎನ್ನುತ್ತಾನೆ. ಎಷ್ಟು ದೂರ? ಭಾರತಕ್ಕೋ ಜಪಾನಿಗೋ ಇರಬಹುದು. ಅವನ ಪಾಲಿಗೆ ನಾವಿರುವ ದೇಶ ಹೆಂಡತಿಯಿಂದ ಓಡಿಹೋಗಲು ಸಿಗುವ ಒಂದು ದೂರ, ಅಷ್ಟೇ. ಮೇ ಕುರ್ಚಿಯಿಂದ ಏಳುತ್ತಾಳೆ. ಅವಳು ಏಳುವುದನ್ನು ಕ್ಯಾಮೆರಾ ತುಂಡು ತುಂಡಾಗಿ ತೋರಿಸುವಾಗ ಅವಳು ಇದ್ದದ್ದಕ್ಕಿಂತ ಎತ್ತರವಾಗಿ ಬೆಳೆದಂತೆ ಕಾಣುತ್ತಾಳೆ. ಬಂದು ಅವನ ಕಾಲ ಬಳಿ ಕುಳಿತು, ಡಾಕ್ಟರು ನನ್ನನ್ನು ಹೋಗಗೊಡುವುದಿಲ್ಲ ಎನ್ನುತ್ತಾಳೆ. ಅವಳು ಬಸುರಿ. ಯಾರ್ಯಾರಿಗೆ ಹೇಳಿದ್ದೀಯೆ? ಇಬ್ಬರು ಅಮ್ಮಂದಿರಿಗೆ ಮತ್ತು ಎಲೆನ್‌ಗೆ. ಎಲೆನ್‌ಗೆ ಹೇಳಿದ್ದು ಎರಡು ವಾರದ ಹಿಂದೆ. ಆಗ ಅದು ಖಚಿತವಾಗಿರಲೇ ಇಲ್ಲ. ಆದರೂ ಹೇಳಿದೆ, ನನ್ನ ಮಾತೇ ನಿಜವಾಯಿತು ನೋಡು ಎನ್ನುವಾಗ ಅವಳ ಕಣ್ಣು ಹೊಳೆಯುತ್ತದೆ.

ಇಲ್ಲಿ ಅನೇಕರು ಮೇಯನ್ನು ಕುತಂತ್ರಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸೇಂಟ್ ಆಗಸ್ಟೀನಿನಲ್ಲಿ ಅವಳು ಮುಕ್ತವಾಗಿ ಕೇಳಿದ್ದಳು, ಅವನು ಮುಚ್ಚಿಟ್ಟ. ಮಾತಿನ ಬಾಗಿಲು ಮುಚ್ಚಿದ ಮನೆಯಲ್ಲಿ ಅವಳ ಕೈಗೆ ಸಿಕ್ಕಿದ್ದು ಕುಟುಂಬ ತಲೆಮಾರುಗಳಿಂದ ಮಸೆದಿಟ್ಟ ಆಯುಧ ಒಂದೇ. ತನ್ನ ಮದುವೆಯನ್ನು, ಹುಟ್ಟಲಿರುವ ಮಗುವನ್ನು ಉಳಿಸಿಕೊಳ್ಳಲು ಅದನ್ನೇ ಎತ್ತಿಕೊಂಡಳು. ಸುಳ್ಳು ಹೇಳಿದಳು ನಿಜ, ಅದರಿಂದ ಇನ್ನೊಬ್ಬ ಹೆಣ್ಣಿನ ಬದುಕು ಮುರಿಯಿತು, ಅದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವ ಶಕ್ತಿ ಈ ದೃಶ್ಯಕ್ಕಿದೆ. ವಿನೋನಾ ರೈಡರ್‌ಗೆ ಆ ವರ್ಷ ಆಸ್ಕರ್ ಸಿಗಲಿಲ್ಲ, ನಾಮನಿರ್ದೇಶನವಷ್ಟೇ ಆಯಿತು. ಆದರೆ ಚಿತ್ರದ ಅತ್ಯಂತ ಕಷ್ಟದ ಪಾತ್ರ ಅವರದೇ, ಏಕೆಂದರೆ ಎರಡು ಗಂಟೆ ಕಾಲ ಏನೂ ತಿಳಿಯದವಳಂತೆ ಕಾಣುತ್ತಲೇ ಎಲ್ಲ ತಿಳಿದಿರಬೇಕು.

ವರ್ಷಗಳು ಉರುಳುತ್ತವೆ. ಮಕ್ಕಳು ಹುಟ್ಟುತ್ತಾರೆ, ಅದೇ ಗ್ರಂಥಾಲಯದಲ್ಲಿ ಸಂಸಾರದ ಎಲ್ಲ ಮುಖ್ಯ ಸಂಗತಿಗಳೂ ನಡೆಯುತ್ತವೆ. ಕಾಯಿಲೆ ಬಿದ್ದ ಮಗನ ಆರೈಕೆ ಮಾಡಿ, ಆ ಕಾಯಿಲೆಯೇ ತಗುಲಿ ಮೇ ತೀರಿಕೊಳ್ಳುತ್ತಾಳೆ. ಹಿರಿಯ ಮಗ ಟೆಡ್ ಮದುವೆಯಾಗಲಿರುವುದು ಬ್ಯೂಫೋರ್ಟ್ ತನ್ನ ಪ್ರೇಯಸಿಯಿಂದ ಪಡೆದ ಮಗಳನ್ನು, ಅದಕ್ಕೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಒಬ್ಬ ಹೆಂಗಸನ್ನು ದೇಶ ಬಿಡಿಸಿದ ಕಟ್ಟಳೆ ಒಂದೇ ತಲೆಮಾರಿನಲ್ಲಿ ಸವೆದುಹೋಗಿದೆ.

ತಂದೆಮಗ ಪ್ಯಾರಿಸಿಗೆ ಬಂದಾಗ ಟೆಡ್, ಇವತ್ತು ಸಂಜೆ ಎಲೆನ್ ಮನೆಗೆ ಹೋಗಲಿದ್ದೇವೆ ಎನ್ನುತ್ತಾನೆ. ಜೊತೆಗೆ ಇನ್ನೊಂದು ಮಾತು ಹೇಳುತ್ತಾನೆ. ಸಾಯುವ ಹಿಂದಿನ ದಿನ ಅಮ್ಮ ನನ್ನನ್ನು ಒಬ್ಬನನ್ನೇ ಕರೆದು, ನಿಮ್ಮಪ್ಪನ ಬಳಿ ನೀವು ಸುರಕ್ಷಿತ, ಒಮ್ಮೆ ನಾನು ಕೇಳಿದಾಗ ಅವರು ತಮಗೆ ಅತ್ಯಂತ ಬೇಕಾದದ್ದನ್ನು ಬಿಟ್ಟುಕೊಟ್ಟರು ಎಂದಳು. ಅವಳು ನನ್ನನ್ನು ಕೇಳಲೇ ಇಲ್ಲ ಎನ್ನುತ್ತಾನೆ ಆರ್ಚರ್.

ಅದೇ ಸಂಜೆ ಅವನು ಎಲೆನ್ ಮನೆಯ ಕೆಳಗಿನ ಬೆಂಚಿನ ಮೇಲೆ ಕೂರುತ್ತಾನೆ, ಮಗನನ್ನು ಮೇಲೆ ಕಳಿಸುತ್ತಾನೆ, ತಾನು ಹತ್ತುವುದಿಲ್ಲ. ಅವನಿಗೆ 57 ವರ್ಷ, ಹೆಂಡತಿಯಿಲ್ಲ, ತಡೆಯುವವರು ಯಾರೂ ಇಲ್ಲ. ಏಕೆ ಹೋಗಲಿಲ್ಲ? ನೆನಪು ನಿಜಕ್ಕಿಂತ ಚೆಲುವಾದದ್ದು, ಅದನ್ನು ಕೆಡಿಸಿಕೊಳ್ಳಲು ಅಂಜಿದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಓದಿಗೆ ಚಿತ್ರದಲ್ಲೇ ಆಧಾರವಿದೆ. ಕಿಟಕಿಯ ಗಾಜಿನ ಹೊಳಪು ಕಣ್ಣಿಗೆ ಬಿದ್ದಾಗ, ನ್ಯೂಪೋರ್ಟಿನಲ್ಲಿ ತಿರುಗದಿದ್ದ ಎಲೆನ್ ಅವನ ಕಲ್ಪನೆಯಲ್ಲಿ ತಿರುಗಿ ನಗುತ್ತಾಳೆ. ಅದು ಕಾದಂಬರಿಯಲ್ಲಿಲ್ಲ, ಸ್ಕಾರ್ಸೆಸಿ ಸೇರಿಸಿದ್ದು. ಆದರೆ ನನಗೆ ಆ ದಿನದ ಘಟನೆಗಳ ಅನುಕ್ರಮವೇ ಮುಖ್ಯವೆನಿಸುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಎಲ್ಲವೂ ಗೊತ್ತಿತ್ತು, ಅವಳು ಅವನ ನೋವನ್ನು ಊಹಿಸಿ ಮರುಗಿದ್ದಳು ಎಂದು ಅವನಿಗೆ ತಿಳಿದು ಕೆಲವೇ ಗಂಟೆಗಳಾಗಿವೆ. ಮೇ ಎಂಬವಳೊಬ್ಬಳು ಇದ್ದಳೆಂದು ಅವನಿಗೆ ಗೊತ್ತಾದದ್ದೇ ಅಂದು. ಅಂಥ ದಿನ ಇನ್ನೊಬ್ಬಳ ಮನೆಯ ಮೆಟ್ಟಿಲು ಹತ್ತಲು ಅವನ ಕಾಲು ಏಳಲಿಲ್ಲವೆಂದೇ ನಾನು ನಂಬಿದ್ದೇನೆ. ಚಿತ್ರ ನೋಡಿದವರು ಇಲ್ಲಿ ಹಲವರಿದ್ದೀರಿ. ಬೆಂಚಿನ ಮೇಲೆ ಕುಳಿತವನ ಮನಸ್ಸಿನಲ್ಲಿ ಇದ್ದವಳು ಎಲೆನ್ ಮಾತ್ರವೋ, ಮೇಯೂ ಇದ್ದಳೋ, ನಿಮ್ಮ ಅಭಿಪ್ರಾಯ ಕೇಳುವ ಆಸೆ ನನಗಿದೆ.