ಧರ್ಮ ಎಂಬ ಒಂದು ಮಾತು



ಡೊಂಬಿವಲಿಯ ಹಿರಿಯ ಕೇಳುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಕಾಲೇಜಿನ ಅರ್ಜಿಯಲ್ಲಿ 'ಧರ್ಮ' ಎಂದಿದ್ದ ಕಡೆ 'ಇಲ್ಲ' ಎಂದು ಬರೆದನಂತೆ. ಅಂದಿನಿಂದ ಅಪ್ಪ-ಮಗನಿಗೆ ಮಾತಿಲ್ಲ. "ಧರ್ಮವೇ ಇಲ್ಲದವನಿಗೆ ನೀತಿ ಎಲ್ಲಿಂದ ಬರಬೇಕು, ನೀವೇ ಹೇಳಿ ಮೇಡಂ" ಎಂದು ಕೇಳಿದ್ದಾರೆ.

ತೀರ್ಪು ಕೊಡಲು ನಾನು ಯಾರು? ಆದರೆ ಪತ್ರ ಓದಿದಾಗ ನನಗೆ ಧಾರವಾಡ ನೆನಪಾಯಿತು. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದ ಪ್ರೊ. ಕೆ. ಜೆ. ಶಾಹ್ 1946-47ರಲ್ಲಿ ಕೇಂಬ್ರಿಡ್ಜ್‌ನಲ್ಲಿ ವಿಟ್‌ಗೆನ್‌ಸ್ಟೈನ್ ಅವರ ಪಾಠ ಕೇಳಿದವರು. ಆಗ ಶಾಹ್ ಬರೆದುಕೊಂಡ ಟಿಪ್ಪಣಿಗಳು, ಇನ್ನಿಬ್ಬರು ಸಹಪಾಠಿಗಳ ಟಿಪ್ಪಣಿಗಳ ಜೊತೆ 1988ರಲ್ಲಿ ಪುಸ್ತಕವಾಗಿ ಬಂದವು.

ಆ ಗುರು ಹೇಳಿಕೊಟ್ಟದ್ದು ಸರಳ. ಒಂದು ಪದದ ಅರ್ಥ ಬೇಕೇ? ಜನ ಅದನ್ನು ಹೇಗೆ ಬಳಸುತ್ತಾರೆ, ನೋಡಿ.

ನೋಡೋಣವೇ? ಅರ್ಜಿಯಲ್ಲಿ ಧರ್ಮವೆಂದರೆ ಮತ. "ಧರ್ಮ ಮಾಡಿ ತಾಯಿ" ಎಂದರೆ ದಾನ. "ತಂದೆ-ತಾಯಿಯನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ" ಎಂದರೆ ಕರ್ತವ್ಯ. "ಸುಡುವುದು ಬೆಂಕಿಯ ಧರ್ಮ" ಎಂದರೆ ಸ್ವಭಾವ. ಮಗ ಇಲ್ಲವೆಂದದ್ದು ಮತವನ್ನು. ಅಪ್ಪನಿಗೆ ಕೇಳಿಸಿದ್ದು ಕರ್ತವ್ಯ ಇಲ್ಲವೆಂದು. ಜಗಳ ಅರ್ಧ ಇಲ್ಲೇ ಇದೆ.

ಇನ್ನರ್ಧ ಅಷ್ಟು ಸುಲಭವಲ್ಲ. ಅಪ್ಪ ಸತ್ಯ ಹೇಳುವುದನ್ನು ಕಲಿತದ್ದು ದೇವರ ದೀಪದ ಮುಂದೆಯೇ ಇರಬಹುದು. ಅವರ ಬಾಳಿನಲ್ಲಿ ಈ ಅರ್ಥಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಶಾಹ್ ಅವರೇ 1982ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ, ಅರ್ಥವೆಂಬ ಪುರುಷಾರ್ಥವನ್ನು ಧರ್ಮ, ಕಾಮ, ಮೋಕ್ಷಗಳಿಂದ ಬಿಡಿಸಿ ನೋಡಲಾಗದು ಎಂದು ವಾದಿಸಿದ್ದರು. ಮಗ ಇದನ್ನೂ ಯೋಚಿಸಬೇಕು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನಾನಾಗ ಶಾಲೆಯ ಹುಡುಗಿ. ಕುರ್ಲಾದ ಚಾಳೊಂದರಲ್ಲಿ ಒಬ್ಬ ಅಜ್ಜಿ ನನ್ನನ್ನು ಒಳಗೆ ಕರೆದು, ತಲೆ ಒರೆಸಿ, ಬಿಸಿ ಚಹಾ ಕೊಟ್ಟರು. ಅವರು ನನ್ನ ಧರ್ಮ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆದರೂ ಆ ರಾತ್ರಿ ನಾನು ಕಂಡದ್ದಕ್ಕೆ ಧರ್ಮ ಎಂದಲ್ಲದೆ ಬೇರೆ ಹೆಸರು ನನಗೆ ತಿಳಿಯದು.

ಹಿರಿಯರೇ, ಅರ್ಜಿಯ ಒಂದು ಪದದಿಂದ ಮಗನನ್ನು ಅಳೆಯಬೇಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ, "ನೀನು ಇಲ್ಲ ಅಂದದ್ದು ಯಾವುದನ್ನಪ್ಪಾ?" ಎಂದು ಕೇಳಿ. ಉತ್ತರ ಬಂದರೆ ನಮಗೂ ಬರೆಯಿರಿ.