ಕೊಳೆಯದ ದೋಣಿ

ಮರದ ದೋಣಿಗೆ ಮುಪ್ಪು ಬರುವುದನ್ನು ಕಣ್ಣಾರೆ ಕಾಣಬಹುದಾಗಿತ್ತು. ಮಾವಿನದೋ ಹೆಬ್ಬಲಸಿನದೋ ದಿಮ್ಮಿಯನ್ನು ತೋಡಿ, ಅದರ ಮೇಲೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ನಮ್ಮ ಕರಾವಳಿಯ ದೋಣಿಗೆ ಆಗಾಗ ಎಣ್ಣೆ ಬಳಿಯಬೇಕು, ಸಡಿಲಿದ ಹುರಿಯನ್ನು ಬದಲಿಸಬೇಕು. ಇಷ್ಟು ಉಪಚಾರ ಮಾಡಿದರೂ ಒಂದು ದಿನ ಅದರ ತಳ ಮೆತ್ತಗಾಗುತ್ತಿತ್ತು. ಗಟ್ಟಿಯಾಗಿ ಉಳಿದ ಹಲಗೆ ಕೊಟ್ಟಿಗೆಗೆ, ಮಿಕ್ಕದ್ದು ಒಲೆಗೆ, ಒಲೆಗೂ ಒದಗದ್ದು ಮಣ್ಣಿಗೆ. ಅದರ ಅಂತ್ಯಸಂಸ್ಕಾರದ ಚಿಂತೆಯನ್ನು ಗೆದ್ದಲು ಮತ್ತು ಮರಕೊರಕ ಹುಳುಗಳೇ ವಹಿಸಿಕೊಂಡಿದ್ದುವು.

ಇಂದು ನಾನು ಹೇಳಹೊರಟಿರುವುದು ಹುಳು ಮುಟ್ಟದ, ಮಣ್ಣು ಒಲ್ಲದ ಫೈಬರ್ ದೋಣಿಯ ಮಾತು. ಮಲ್ಪೆ, ಗಂಗೊಳ್ಳಿ, ತದಡಿಗಳ ಕಡೆ ಅಳಿವೆಯ ದಂಡೆಯಲ್ಲಿ ನಡೆಯುವಾಗ, ಬಣ್ಣ ಮಾಸಿ ಕವುಚಿಬಿದ್ದ ಇಂಥ ಒಡಲುಗಳನ್ನು ಕಂಡಿದ್ದೇನೆ. ಎಂಜಿನ್ನು, ಹಿತ್ತಾಳೆ, ಉಕ್ಕು ಎಲ್ಲವನ್ನೂ ಕಳಚಿಕೊಂಡ ಮೇಲೆ ಉಳಿಯುವ ಆ ಚಿಪ್ಪನ್ನು ಗುಜರಿಯವನೂ ಕೊಳ್ಳುವುದಿಲ್ಲ.

ಗಾಜನ್ನು ಕೂದಲಿಗಿಂತ ನವಿರಾದ ಎಳೆಗಳಾಗಿ ಎಳೆದು, ಚಾಪೆಯಾಗಿಸಿ, ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ಪಾಲಿಯೆಸ್ಟರ್ ರಾಳವನ್ನು ಊಡಿಸಿದರೆ ಈ ದೋಣಿ ಸಿದ್ಧ. ಅಮೆರಿಕದ ರೇ ಗ್ರೀನ್ ಎಂಬವರು ಇಂಥ ಮೊದಲ ದೋಣಿಗಳಲ್ಲೊಂದನ್ನು ಕಟ್ಟಿದ್ದು 1942ರಲ್ಲಿ. ಮನೆಯ ಪ್ಲಾಸ್ಟಿಕ್ ಬಕೆಟ್ಟು ಬೆಲ್ಲದ ಜಾತಿಯದು. ಕರಗಿಸಿ ಮತ್ತೆ ಅಚ್ಚು ಹೊಯ್ಯಬಹುದು. ಈ ರಾಳವಾದರೋ ಕುಂಬಾರನ ಆವಿಗೆಯಿಂದ ಹೊರಬಂದ ಮಡಕೆಯಂತೆ. ಸುಟ್ಟ ಮಡಕೆಯನ್ನು ಮತ್ತೆ ನಾದುವುದುಂಟೆ? ಬಿಸಿಮಾಡಿ ಗಾಜಿನ ಎಳೆಯನ್ನಾದರೂ ಬಿಡಿಸಿಕೊಳ್ಳೋಣವೆಂದರೆ, ಆ ಕಾವಿಗೆ ಎಳೆ ತನ್ನ ಕಸುವನ್ನು ಕಳೆದುಕೊಳ್ಳುತ್ತದೆ. ಹೊಸ ಎಳೆಯೇ ಅದಕ್ಕಿಂತ ಅಗ್ಗ.

ಬೆಂಕಿ ಇಟ್ಟರೆ ಕರಿಯ ವಿಷದ ಹೊಗೆ ಎದ್ದು, ರಾಳವೆಲ್ಲ ಉರಿದ ಮೇಲೂ ಗಾಜಿನ ಚಾಪೆ ಹಾಗೆಯೇ ಬಿದ್ದಿರುತ್ತದೆ. ಗರಗಸ ಹಚ್ಚಿದರೆ ಧೂಳು ಮೈಗೆ ತುರಿಕೆ, ಶ್ವಾಸಕೋಶಕ್ಕೆ ಮುಳ್ಳು. ನೀರು ಚಿಮುಕಿಸುತ್ತ, ಮೂಗು ಬಾಯಿ ಮುಚ್ಚಿಕೊಂಡು ಕೊಯ್ಯಬೇಕಾದ ವಸ್ತುವದು. ಹಾಗೆಯೇ ಬಿಟ್ಟರೇನು ಎನ್ನುವವರಿಗೆ ಇಂಗ್ಲೆಂಡಿನ ಚಿಚೆಸ್ಟರ್ ಬಂದರಿನ ಸಂಗತಿಯನ್ನು ಹೇಳಬೇಕು. ದೋಣಿಗಳೇ ತುಂಬಿದ ಆ ಬಂದರಿನ ಸಿಂಪಿಗಳ ಮಾಂಸದಲ್ಲಿ ಗಾಜಿನ ಎಳೆಯ ಚೂರುಗಳಿರುವುದನ್ನು ಬ್ರೈಟನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದರು. ಮಳಿ ಆಯ್ದು ಉಣ್ಣುವ ನಮ್ಮ ಅಳಿವೆಯ ಜನಕ್ಕೆ ಇದು ದೂರದ ಮಾತಲ್ಲ.

ಫೈಬರ್ ದೋಣಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದೊಡ್ಡ ಮರಗಳು ಸಿಕ್ಕದಂತಾದ ಕಾಲದಲ್ಲಿ ಹಗುರಾದ, ಸೋರದ ದೋಣಿಯನ್ನು ಕೊಟ್ಟದ್ದು ಅದು. 2004ರ ಸುನಾಮಿಯ ತರುವಾಯ ತಮಿಳುನಾಡಿನ ಕರಾವಳಿಯಲ್ಲಿ ಕಟ್ಟುಮರ ಕಳೆದುಕೊಂಡವರಿಗೆ ಈ ದೋಣಿಗಳನ್ನು ಧಾರಾಳವಾಗಿ ಹಂಚಿದರು. ಅಂದು ಹೊಸವಾಗಿದ್ದವಕ್ಕೆ ಇಂದು ಇಪ್ಪತ್ತು ವರ್ಷ ದಾಟಿದೆ. ಆದರೆ ದೋಣಿ ಕೈಯಿಂದ ಕೈಗೆ ಇಳಿಯುತ್ತ ಬರುವ ಪದಾರ್ಥ. ಉಳ್ಳವನು ಹೊಸದನ್ನು ಕೊಂಡು ಹಳೆಯದನ್ನು ಮಾರುತ್ತಾನೆ. ಅದು ತೇಪೆಯ ಮೇಲೆ ತೇಪೆ ಹೊದ್ದು ಕಡೆಗೆ ಸೇರುವುದು ಎಲ್ಲರಿಗಿಂತ ಬಡವನ ಕೈಯನ್ನು. ಅದನ್ನು ವಿಲೇವಾರಿ ಮಾಡುವ ಖರ್ಚು ಬೀಳುವುದೂ ಅವನ ತಲೆಗೇ. ರಾತ್ರಿ ಹೊತ್ತು ಅವನು ಅದನ್ನು ಕಾಂಡ್ಲದ ಮರೆಗೆ ನೂಕಿದರೆ ಅವನನ್ನು ದೂರುವುದಕ್ಕೆ ನನಗೆ ಬಾಯಿ ಬಾರದು.

ದಾರಿ ಇಲ್ಲದಿಲ್ಲ. ಸಿಮೆಂಟಿನ ಕುಲುಮೆಯ ಕಾವಿನಲ್ಲಿ ರಾಳ ಉರುವಲಾಗುತ್ತದೆ, ಗಾಜಿನೊಳಗಿನ ಮರಳು ಸುಣ್ಣಗಳು ಸಿಮೆಂಟಿನಲ್ಲೇ ಬೆರೆತುಹೋಗುತ್ತವೆ. ಬೂದಿಯೂ ಉಳಿಯದ ದಹನವಿದು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರ ಮಾರ್ಗಸೂಚಿಯಲ್ಲಿ ಇಂಥ ತ್ಯಾಜ್ಯಕ್ಕೆ ಈ ಕುಲುಮೆಯನ್ನೇ ತೋರಿಸಿದೆ. ಜಪಾನು 2005ರಿಂದ ಹಳೆಯ ದೋಣಿಗಳನ್ನು ಹೀಗೆ ಸಾಗಹಾಕುತ್ತಿದೆ. ಫ್ರಾನ್ಸಿನಲ್ಲಿ 2019ರಿಂದ ಹೊಸ ವಿಹಾರದೋಣಿಯ ಮಾರಾಟದ ಮೇಲೆ ವಂತಿಗೆ ಎತ್ತಿ ಹಳೆಯದನ್ನು ಪುಕ್ಕಟೆಯಾಗಿ ಒಡೆದುಕೊಡುತ್ತಾರೆ. ಒಡೆಯುವ ಜಾಗದವರೆಗಿನ ಸಾಗಣೆ ಮಾತ್ರ ಒಡೆಯನದೇ.

ಆ ಸಾಗಣೆಯಲ್ಲೇ ನಮ್ಮ ತೊಡಕೂ ಇದೆ. ದೋಣಿಗಳಿರುವುದು ಮಲ್ಪೆಯಲ್ಲಿ, ಕುಲುಮೆಗಳಿರುವುದು ವಾಡಿ, ಸೇಡಂ, ಮಳಖೇಡಗಳಲ್ಲಿ. ನಡುವೆ ಘಟ್ಟ, ಮತ್ತು ಐನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಇಡಿಯ ಒಡಲನ್ನು ಲಾರಿಗೇರಿಸಿದರೆ ಬಾಡಿಗೆ ಕೊಟ್ಟು ಗಾಳಿಯನ್ನು ಹೊರಿಸಿದಂತೆ. ಆದ್ದರಿಂದ ಬಂದರಿನಲ್ಲೇ ನೀರು, ಮುಸುಕು, ತರಬೇತಾದ ಕೈಗಳಿರುವ ಒಂದು ಕೊಯ್ಯುವ ಅಂಗಳ ಬೇಕು. ಅದರ ಖರ್ಚನ್ನು ಕೊನೆಯ ಒಡೆಯನಿಂದಲ್ಲ, ದೋಣಿ ಅಚ್ಚಿನಿಂದ ಹೊರಬಂದು ನೋಂದಣಿಯಾಗುವ ದಿನವೇ ಮೊದಲ ಒಡೆಯನಿಂದ ಮತ್ತು ಕಟ್ಟಿದವನಿಂದ ಠೇವಣಿಯಾಗಿ ಪಡೆಯಬೇಕು. ಹುಟ್ಟಿದ ದಿನವೇ ಸಾವಿನ ಲೆಕ್ಕವೇ ಎಂದು ಕೇಳುಗರು ನಗಬಹುದು. ನಮ್ಮಲ್ಲಿ ಜಾತಕ ಬರೆಯುವವರು ಆಯುಷ್ಯವನ್ನೂ ಬರೆಯುವುದಿಲ್ಲವೆ? ಕೊಯ್ದ ತುಂಡುಗಳು ಒತ್ತೊತ್ತಾಗಿ ಕೂರುತ್ತವೆ. ಸಿಮೆಂಟು ಹೊತ್ತು ಘಟ್ಟ ಇಳಿದ ಲಾರಿ ಬರಿದಾಗಿ ಹಿಂದಿರುಗುವುದಾದರೆ, ಅದರಲ್ಲಿ ಇವಕ್ಕೆ ಜಾಗ ಸಿಕ್ಕೀತು.