ಕುಡಿತ ಬಿಟ್ಟವರ ಗುಂಪು ಎಲ್ಲಿದೆ?

(ಸ್ವಸಹಾಯ ಸಂಘಗಳ ತಾಲ್ಲೂಕು ಸಭೆಯಲ್ಲಿ ಆಡಿದ ಮಾತು)



ಉಳಿತಾಯದ ಲೆಕ್ಕ ಮುಗಿದು ಪುಸ್ತಕ ಮುಚ್ಚುವ ಹೊತ್ತಿಗೆ ಯಾರಾದರೂ ಒಬ್ಬರು ಹತ್ತಿರ ಬಂದು ಕೇಳುತ್ತಾರೆ: "ಅಕ್ಕಾ, ಇವರ ಕುಡಿತ ಬಿಡಿಸೋಕೆ ಎಲ್ಲಾದ್ರೂ ಜಾಗ ಐತಾ?" ದನಿ ತಗ್ಗಿಸಿ ಕೇಳುತ್ತಾರೆ, ಕುಡಿದವರು ತಾವೇ ಎನ್ನುವ ಹಾಗೆ. ಇವತ್ತು ಇದನ್ನು ಎಲ್ಲರೆದುರಿಗೇ ಮಾತಾಡೋಣ.

1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ್ದನ್ನು ಕೇಳಿದ್ದೀರಿ. ನಮ್ಮ ರಾಜ್ಯದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಕುಡಿತ ಹೋಗಲಿಲ್ಲ. ಅಂಗಡಿಯ ವಿರುದ್ಧ ಹೋರಾಟ ಬೇಕೇ ಬೇಕು. ಆದರೆ ಚಟ ಅಂಟಿದವನಿಗೆ ಅಷ್ಟು ಸಾಲದು. ಚಿಕಿತ್ಸೆ ಬೇಕು, ಬಿಟ್ಟ ಮೇಲೆ ಜೊತೆಗೆ ಕೂರುವ ಜನ ಬೇಕು.

ಮೊದಲು ಚಿಕಿತ್ಸೆ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈ ನಡುಗುತ್ತದೆ, ಬೆವರುತ್ತಾನೆ, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು. ಇದರಲ್ಲಿ ಸತ್ತವರೂ ಇದ್ದಾರೆ. ದೇವರ ಮುಂದೆ ಆಣೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಿರಿ. ಇನ್ನೊಂದು ಮಾತು, ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಪುಡಿ. "ಅವರಿಗೆ ಗೊತ್ತೇ ಆಗಲ್ಲ" ಎಂದು ಮಾರುತ್ತಾರೆ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದವನ ಜೀವಕ್ಕೇ ಕುತ್ತು ಬರಬಹುದು. ವೈದ್ಯರು ಆ ಮಾತ್ರೆ ಕೊಡುವುದು ಕುಡಿಯುವವನಿಗೆ ಹೇಳಿ, ಅವನ ಒಪ್ಪಿಗೆ ಪಡೆದು. ಅವನಿಗೆ ಏನಾದರೂ ಆದರೆ ಊರು ಯಾರ ಕಡೆ ಬೆರಳು ತೋರಿಸುತ್ತದೆ, ಯೋಚಿಸಿ.

ಇನ್ನು ಗುಂಪಿನ ವಿಚಾರ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಡಾಕ್ಟರು, ಪರಸ್ಪರ ಮಾತಾಡುತ್ತ ಕುಡಿತದಿಂದ ದೂರ ಉಳಿದರು. ಅದೇ ಆಲ್ಕೋಹಾಲಿಕ್ಸ್ ಅನಾನಿಮಸ್, ಜನ ಎ.ಎ. ಎನ್ನುತ್ತಾರೆ. ಅಲ್ಲಿ ಉಪದೇಶ ಮಾಡುವ ಅಧಿಕಾರಿ ಇಲ್ಲ. ಕುಡಿತ ಬಿಟ್ಟವನು ತನ್ನ ಕಥೆ ಹೇಳುತ್ತಾನೆ, ಹೊಸಬ ಕೇಳುತ್ತಾನೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಬಿಡಬೇಕೆಂಬ ಆಸೆ ಇದ್ದರೆ ಸಾಕು. ಬೆಂಗಳೂರಿನಲ್ಲಿ ಕನ್ನಡದಲ್ಲೇ ನಡೆಯುವ ಸಭೆಗಳಿವೆ. 'ತೆರೆದ ಸಭೆ' ಎಂದಿದ್ದರೆ ಮನೆಯವರೂ ಹೋಗಿ ಕೂತು ಕೇಳಬಹುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ನಿಮಗೆ ಗೊತ್ತೇ ಇವೆ. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿವೆ. ನನ್ನ ಮಟ್ಟಿಗೆ ಶಿಬಿರಕ್ಕಿಂತ ಈ ಸಮಿತಿ ಮುಖ್ಯ. ಶಿಬಿರದಲ್ಲಿ ಹಾರ ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ. ಮೂರನೇ ತಿಂಗಳ ಸಂಬಳದ ದಿನ ಸಂಜೆ ಅವನ ಜೊತೆ ಯಾರಿರುತ್ತಾರೆ?

ಹುಡುಕುವುದು ಹೇಗೆ? 14446 ಚಟಬಿಡಿಸುವ ಸಹಾಯವಾಣಿ, 14416 ಮಾನಸಿಕ ಆರೋಗ್ಯದ ಟೆಲಿ-ಮಾನಸ್. ಹತ್ತಿರದ ಗುಂಪು ಯಾವುದು ಎಂದು ಅಲ್ಲಿಯೂ ಕೇಳಿ, ಜಿಲ್ಲಾ ಆಸ್ಪತ್ರೆಯಲ್ಲಿಯೂ ಕೇಳಿ. ದೊಡ್ಡ ಮೊತ್ತ ಕೇಳುವ, ಮನೆಯವರನ್ನು ಒಳಗೆ ಬಿಡದ ಕೇಂದ್ರಗಳನ್ನು ನಂಬಬೇಡಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ.

ಈಗ ಕಷ್ಟದ ಮಾತು. ಅವನು ಗುಂಪಿಗೆ ಹೋಗಲು ಶುರು ಮಾಡಿದ ಕೂಡಲೇ ಹಿರಿಯರು ಬರುತ್ತಾರೆ: "ಪಾಪ, ಸುಧಾರಿಸ್ತಾ ಇದ್ದಾನೆ, ಕೊಟ್ಟಿರೋ ದೂರು ವಾಪಸ್ ತಗೋಳಮ್ಮ." ಯಾಕೆ? ಕುಡಿದಾಗ ಅವನು ಸಾಹುಕಾರನಿಗೆ ಹೊಡೆದನೇ, ಪೊಲೀಸಿನವನಿಗೆ ಹೊಡೆದನೇ? ಕೈ ಎತ್ತಿದ್ದು ಹೆಂಡತಿಯ ಮೇಲೆ. ತವರಿನಿಂದ ಗಾಡಿ ತಾ, ಒಡವೆ ತಾ ಎಂದು ಪೀಡಿಸುವುದು ಬೆಳಿಗ್ಗೆ ಕಾಫಿ ಕುಡಿಯುತ್ತ, ಪೂರ್ತಿ ಎಚ್ಚರದಲ್ಲಿ. ಕುಡಿತ ಹೊಡೆತವನ್ನು ಹೆಚ್ಚಿಸುತ್ತದೆ, ನಿಜ. ಕುಡಿತ ಬಿಟ್ಟೂ ಹೊಡೆಯುವವರಿದ್ದಾರೆ. ಎ.ಎ. ಸಭೆ ಕುಡಿತದ ಸಭೆ. ನಿಮ್ಮ ರಕ್ಷಣೆಯ ಹೊಣೆ ಅದು ಹೊತ್ತಿಲ್ಲ. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಇದೆ. ಹೊಡೆಯಬಾರದೆಂಬ ಆದೇಶ, ಮನೆಯಿಂದ ಹೊರಹಾಕಬಾರದೆಂಬ ಆದೇಶ ಎರಡನ್ನೂ ಮ್ಯಾಜಿಸ್ಟ್ರೇಟರು ಕೊಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. 181ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು. ಅವನು ಕೈ ಎತ್ತಿ ನಿಂತಿದ್ದರೆ 112. ಗುಂಪಿಗೆ ಹೋಗುವುದು ಅವನ ಕೆಲಸ, ದೂರು ನಿಮ್ಮ ಹಕ್ಕು. ಒಂದಕ್ಕೊಂದು ಗಂಟು ಹಾಕಲು ಬಿಡಬೇಡಿ.

ನಿಮಗೂ ಗುಂಪು ಬೇಕು. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಶುರುವಾದ ಅಲ್-ಅನಾನ್ ಇದೆ. ಅಲ್ಲಿ ಅವನನ್ನು ಸರಿಮಾಡುವ ಮಾತಿಲ್ಲ. ಅವನು ಬಿಡಲಿ ಬಿಡದಿರಲಿ, ನೀವು ಬದುಕುವುದು ಹೇಗೆ ಎಂಬ ಮಾತು. ಅದು ನಿಮ್ಮೂರಿಗೆ ದೂರವಾದರೆ ನಮ್ಮ ಸಂಘವೇ ತಿಂಗಳಿಗೊಂದು ಸಂಜೆ ಸಾಲದ ಪುಸ್ತಕ ಬದಿಗಿಟ್ಟು ಕೂರಬಹುದು. ಅಲ್ಲಿ ಕೇಳಿದ್ದು ನಲ್ಲಿಯ ಹತ್ತಿರ ಮಾತಾಗಬಾರದು, ಅಷ್ಟೇ. ಕುಡಿಯುವ ಹೆಂಗಸರೂ ನಮ್ಮ ನಡುವೆ ಇದ್ದಾರೆ. ಗಂಡಸನ್ನು 'ಪಾಪ' ಎನ್ನುವ ಊರು ಅವರ ಮೇಲೆ ಉಗುಳುತ್ತದೆ. ಅವರನ್ನು ಸಂಘದಿಂದ ತೆಗೆಯುವ ಮಾತು ಯಾರೂ ಎತ್ತಬೇಡಿ. ಆಸ್ಪತ್ರೆಗೆ ಜೊತೆಗೆ ಹೋಗಿ.

ಮುಂದಿನ ಸಭೆಯೊಳಗೆ ಪ್ರತಿ ಸಂಘದಿಂದ ಇಬ್ಬರು ಜಿಲ್ಲಾ ಆಸ್ಪತ್ರೆಗೆ ಹೋಗಿ ಬನ್ನಿ. ಮನೋವೈದ್ಯರು ಯಾವ ವಾರ ಸಿಗುತ್ತಾರೆ, ಗುಂಪು ಎಲ್ಲಿ ಸೇರುತ್ತದೆ, ಸಭೆ ಮುಗಿದ ಮೇಲೆ ಊರಿಗೆ ಕೊನೆಯ ಬಸ್ ಎಷ್ಟಕ್ಕೆ, ಇಷ್ಟನ್ನು ಸಂಘದ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ.